ಬೀಗದ ಕೈ ಕೊಡುವ ಮುಂಚೆ

(ಮನೆ ಖಾಲಿ ಮಾಡಿ ಊರೂರು ಸುತ್ತುತ್ತ ಕೆಲಸ ಮಾಡುವ ಬಗ್ಗೆ ಚಿಕ್ಕಮಗಳೂರಿನಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು, ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು, ಒಂದು ತಿಂಗಳು ಸಕಲೇಶಪುರ, ಇನ್ನೊಂದು ತಿಂಗಳು ಕಳಸ ಅಂತ ಓಡಾಡಿಕೊಂಡು ಕೆಲಸ ಮಾಡಬೇಕು ಅನ್ನುವವರು ಇಲ್ಲಿ ಬಂದಿದ್ದೀರಿ. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚರ್ಚೆಗೆ ನಾನು ಕೈ ಹಾಕುವುದಿಲ್ಲ. ನನ್ನ ಮಾತು ಒಂದೇ: ಮನೆ ನಾವು ಕೇಳದೆಯೇ ಒಂದಷ್ಟು ಕೆಲಸ ಮಾಡಿಕೊಡುತ್ತಿರುತ್ತದೆ. ಬ್ಯಾಂಕಿನ ಕಾರ್ಡು ಬಂದು ಬೀಳುವ ವಿಳಾಸ ಅದು. ಕರೆಂಟ್ ಹೋದರೂ ಯಾವ ಪ್ಲಗ್ಗಿನಲ್ಲಿ ಇನ್ವರ್ಟರ್ ಇದೆ ಅಂತ ಗೊತ್ತಿರುವ ಗೋಡೆ ಅದು. ಬಟ್ಟೆ ಒಣಗುವ ಜಾಗ ಅದು. ಬೀಗದ ಕೈ ಮಾಲೀಕರಿಗೆ ಕೊಟ್ಟ ಮರುದಿನದಿಂದ ಆ ಕೆಲಸಗಳೆಲ್ಲ ನಿಮ್ಮ ಹೆಗಲಿಗೆ. ಅವನ್ನು ಯಾವುದರ ಮೇಲೆ ಹೊರಿಸಬೇಕು ಅನ್ನುವುದು ಇವತ್ತಿನ ವಿಷಯ.

ಮೊದಲು ವಿಳಾಸ. ಇದು ಬೇಸರದ ಕೆಲಸ, ಆದರೆ ಹೊರಟ ಮೇಲೆ ಮಾಡಲು ಆಗುವುದಿಲ್ಲ. ಅಪ್ಪ ಅಮ್ಮನ ಮನೆ ಅರಸೀಕೆರೆಯಲ್ಲೋ ಕಡೂರಿನಲ್ಲೋ ಇದ್ದರೆ ಅದನ್ನೇ ಕಾಯಂ ವಿಳಾಸ ಮಾಡಿ. ನಿಮ್ಮ ಹೆಸರಿನಲ್ಲಿ ಆ ಮನೆಯ ಯಾವ ಕಾಗದವೂ ಇಲ್ಲದಿದ್ದರೂ ಚಿಂತೆಯಿಲ್ಲ. ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೇಲೆ ಆಧಾರ್ ವಿಳಾಸ ಬದಲಿಸುವ ದಾರಿ 2023ರಿಂದ ಇದೆ. ನೀವು ಅರ್ಜಿ ಹಾಕಿದ ಮೇಲೆ ಅವರು ತಮ್ಮ ಆಧಾರ್ ಖಾತೆಯಿಂದ 30 ದಿನದೊಳಗೆ ಒಪ್ಪಿಗೆ ಕೊಡಬೇಕು. ಎಡವಟ್ಟಾಗುವುದು ಇಲ್ಲೇ: ಅಪ್ಪನ ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಎಷ್ಟೋ ವರ್ಷದ ಹಿಂದೆ ನಿಂತುಹೋಗಿರುತ್ತದೆ, ಓಟಿಪಿ ಬರುವುದಿಲ್ಲ, 30 ದಿನ ಕಳೆದು ಅರ್ಜಿ ಬಿದ್ದುಹೋಗುತ್ತದೆ. ಹಾಗಾಗಿ ಮೊದಲು ಅವರ ನಂಬರು ಸರಿಮಾಡಿಸಿ, ಆಮೇಲೆ ನಿಮ್ಮ ಅರ್ಜಿ.

ನಿಮ್ಮ ಹತ್ತಿರ ಇರುವ ಡೆಬಿಟ್, ಕ್ರೆಡಿಟ್ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿ ಯಾವುದರ ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಹೊಸ ಕಾರ್ಡು ಬ್ಯಾಂಕಿನಲ್ಲಿರುವ ವಿಳಾಸಕ್ಕೆ ಹೋಗುತ್ತದೆ, ನೀವು ಇರುವ ಹೋಂಸ್ಟೇಗಲ್ಲ. ಪಾಸ್‌ಪೋರ್ಟ್ ನವೀಕರಣ ಬಾಕಿ ಇದ್ದರೆ ಮನೆ ಬಿಡುವ ಮೊದಲೇ ಮುಗಿಸಿ. ಪೊಲೀಸ್ ಪರಿಶೀಲನೆಗೆ ಬಂದಾಗ ಆ ವಿಳಾಸದಲ್ಲಿ ನೀವು ಇಲ್ಲದಿದ್ದರೆ ಅರ್ಜಿ ಅಲ್ಲಿಗೇ ತಗಲಿಹಾಕಿಕೊಳ್ಳುತ್ತದೆ.

ಗ್ಯಾಸ್ ಸಂಪರ್ಕವನ್ನು ಪಕ್ಕದ ಮನೆಯವರಿಗೆ ಕೊಟ್ಟು ಹೋಗುವವರು ಬಹಳ ಜನ. ಬೇಡ. ಸಿಲಿಂಡರ್, ರೆಗ್ಯುಲೇಟರ್, ಸಂಪರ್ಕ ತೆಗೆದುಕೊಂಡಾಗ ಕೊಟ್ಟ ವೋಚರ್ ಮೂರನ್ನೂ ಏಜೆನ್ಸಿಗೆ ಒಪ್ಪಿಸಿದರೆ ಠೇವಣಿ ವಾಪಸ್ ಬರುತ್ತದೆ, ಜೊತೆಗೆ ಟರ್ಮಿನೇಷನ್ ವೋಚರ್ ಕೊಡುತ್ತಾರೆ. ಮುಂದೆ ಯಾವ ಊರಲ್ಲಿ ನೆಲೆಯಾದರೂ ಆ ಕಾಗದ ತೋರಿಸಿ ಮತ್ತೆ ಸಂಪರ್ಕ ಪಡೆಯಬಹುದು. ಸುತ್ತುವ ಕಾಲಕ್ಕೆ 5 ಕಿಲೋ ಸಿಲಿಂಡರ್ ಇದೆ. ಅದಕ್ಕೆ ವಿಳಾಸದ ದಾಖಲೆ ಕೇಳುವುದಿಲ್ಲ, ಗುರುತಿನ ಚೀಟಿ ಸಾಕು.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಫ್ರಿಜ್ ಊರಿಗೆ ಕಳಿಸಿ ಇಟ್ಟರೆ ಬಾಗಿಲಿಗೆ ಒಂದು ಬಟ್ಟೆ ಸಿಕ್ಕಿಸಿ ಸ್ವಲ್ಪ ತೆರೆದಿರಲಿ, ಇಲ್ಲವಾದರೆ ಒಳಗೆ ಬೂಷ್ಟು ಹಿಡಿಯುತ್ತದೆ. ವಾಷಿಂಗ್ ಮೆಷಿನ್ನಿನ ಪೈಪಿನಲ್ಲಿ ನಿಂತ ನೀರು ಖಾಲಿ ಮಾಡಿ. ಇನ್ವರ್ಟರ್ ಬ್ಯಾಟರಿಯನ್ನು ಮಾತ್ರ ಇಟ್ಟುಕೊಳ್ಳಲೇಬೇಡಿ, ಮಾರಿ. ಸೀಸದ ಬ್ಯಾಟರಿ ಸುಮ್ಮನೆ ಕೂತರೂ ಚಾರ್ಜ್ ಕಳೆದುಕೊಳ್ಳುತ್ತದೆ, ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡುವವರು ಯಾರೂ ಇಲ್ಲದಿದ್ದರೆ ವರ್ಷದ ಕೊನೆಗೆ ಅದು ಗುಜರಿ.

ಮಾಲೀಕರಿಗೆ ನೋಟಿಸನ್ನು ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಬರಹದಲ್ಲಿ ಕೊಡಿ. ಕೊನೆಯ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿಯುತ್ತಾರೋ ಇಲ್ಲವೋ, ಪೇಂಟಿಂಗಿಗೆ ಎಷ್ಟು ಮುರಿಯುತ್ತಾರೆ, ಇವೆರಡನ್ನೂ ವಾಟ್ಸ್ಆಪ್‌ನಲ್ಲಾದರೂ ಬರೆಸಿಕೊಳ್ಳಿ. ಖಾಲಿ ಮಾಡುವ ದಿನ ಕರೆಂಟ್ ಮೀಟರಿನ ಫೋಟೋ, ಪ್ರತಿ ಗೋಡೆಯ ಫೋಟೋ. ಸಂಬಳದವರಿಗೆ ಒಂದು ಎಚ್ಚರಿಕೆ: ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುತ್ತಿದ್ದರೆ, ಮನೆ ಬಿಟ್ಟ ತಿಂಗಳಿನಿಂದ ಕಂಪನಿಗೆ ತಿಳಿಸಿ. ಹಳೆಯ ಮಾಲೀಕರ ರಸೀದಿಯನ್ನೇ ಕೊಡುತ್ತ ಹೋಗುವುದು ಸುಳ್ಳು ಲೆಕ್ಕ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿಯೇ ಇಲ್ಲ, ತಲೆನೋವೂ ಇಲ್ಲ.

ಇನ್ನು ನಿಜವಾದ ವಿಷಯ, ನೆಟ್.

ತೋಟದ ಮಧ್ಯದ ಹೋಂಸ್ಟೇಗೆ ಫೋನ್ ಮಾಡಿ "ನೆಟ್ ಇದೆಯಾ ಸಾರ್?" ಅಂತ ಕೇಳಿದರೆ "ಇದೆ, ಬನ್ನಿ" ಅನ್ನುತ್ತಾರೆ. ಅವರದು ಸುಳ್ಳಲ್ಲ. ವಾಟ್ಸ್ಆಪ್ ಸಂದೇಶ ಹೋದರೆ ಅವರ ಪಾಲಿಗೆ ನೆಟ್ ಇದೆ. ನಿಮ್ಮ ಪಾಲಿನ ನೆಟ್ ಬೇರೆ. ಹತ್ತು ಜನರ ವಿಡಿಯೋ ಮೀಟಿಂಗಿಗೆ ಕಳಿಸುವ ದಿಕ್ಕಿನಲ್ಲಿ, ಅಂದರೆ ಅಪ್‌ಲೋಡ್, ಸುಮಾರು 3 ಎಂಬಿಪಿಎಸ್ ಬೇಕು. ಎಲ್ಲರೂ ಡೌನ್‌ಲೋಡ್ ನೋಡಿ ಮೋಸ ಹೋಗುತ್ತಾರೆ. 40 ಡೌನ್‌ಲೋಡ್, 0.8 ಅಪ್‌ಲೋಡ್ ಇರುವ ಜಾಗದಲ್ಲಿ ನಿಮಗೆ ಎಲ್ಲರೂ ಕಾಣುತ್ತಾರೆ, ಎಲ್ಲರ ಮಾತೂ ಕೇಳುತ್ತದೆ. ನಿಮ್ಮ ಮಾತು ಮಾತ್ರ ಅವರಿಗೆ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ: ನಾನು ಕೂರುವ ಕೋಣೆಯಿಂದಲೇ, ಬೆಳಗ್ಗೆ 10ಕ್ಕೆ ಒಂದು, ರಾತ್ರಿ 9ಕ್ಕೆ ಒಂದು ಸ್ಪೀಡ್ ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಕಳಿಸುತ್ತೀರಾ? ಕಳಿಸಿದವರ ಹತ್ತಿರ ಹೋಗಿ.

ಫೈಬರ್, ಅಂದರೆ ಬೆಳಕಿನಲ್ಲಿ ನೆಟ್ ತರುವ ಗಾಜಿನ ದಾರ, ಇದೆ ಅಂದರೆ ಗೋಡೆಗೆ ಹಾಕಿರುವ ಬಿಳಿ ಪೆಟ್ಟಿಗೆಯ ಫೋಟೋ ಕೇಳಿ. ಅದರಲ್ಲಿ 'ಪಾನ್' (PON) ಅಂತ ಬರೆದ ದೀಪ ಹಸಿರಾಗಿ ನಿಂತಿರಬೇಕು. 'ಲಾಸ್' (LOS) ದೀಪ ಕೆಂಪಾಗಿ ಮಿಣುಕುತ್ತಿದ್ದರೆ ದಾರದಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ, ಪೆಟ್ಟಿಗೆಯನ್ನು ನೂರು ಸಲ ಆಫ್ ಮಾಡಿ ಆನ್ ಮಾಡಿದರೂ ಪ್ರಯೋಜನವಿಲ್ಲ. ನಮ್ಮ ಕಡೆ ಈ ದಾರ ಕಂಬದಿಂದ ಕಂಬಕ್ಕೆ ಬರುವುದಕ್ಕಿಂತ ಸಿಲ್ವರ್ ಓಕ್ ಮರದಿಂದ ಮರಕ್ಕೆ ಬರುವುದೇ ಹೆಚ್ಚು. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ರೆಂಬೆ ಸವರುವಾಗ, ಕೊಂಬೆ ಬೀಳುತ್ತದೆ, ಕಾಫಿ ಮೂಟೆ ತುಂಬಿದ ಲಾರಿ ತಗುಲಿ ಎಳೆದುಕೊಂಡು ಹೋಗುತ್ತದೆ. ಪೂರ್ತಿ ತುಂಡಾದರೆ ಗೊತ್ತಾಗುತ್ತದೆ. ಅರ್ಧ ಬಾಗಿ ಕೊಂಬೆಗೆ ಸಿಕ್ಕಿಕೊಂಡಾಗಲೇ ಕಷ್ಟ. ದಾರ ಬಿಗಿಯಾಗಿ ಬಾಗಿದ ಕಡೆ ಬೆಳಕು ಸೋರುತ್ತದೆ. ಪೆಟ್ಟಿಗೆಗೆ ಬಂದು ಮುಟ್ಟುವ ಬೆಳಕಿನ ಬಲ ಮೈನಸ್ 27 ಡಿಬಿಎಂಗಿಂತ ಕೆಳಗಿಳಿದರೆ ಸಂಪರ್ಕ ಹೋಗಿ ಬಂದು ಮಾಡುತ್ತದೆ. ಗಾಳಿ ಬೀಸಿದಾಗ ಹೋಗುತ್ತದೆ, ನಿಂತಾಗ ಬರುತ್ತದೆ. ಡಿಬಿಎಂ ಅನ್ನುವುದು ಬಲದ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ. ರೂಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಈ ಅಂಕಿ ಇರುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ನಿಶ್ಚಿಂತೆ. ಮೈನಸ್ 26 ಇದ್ದರೆ ಲೈನಿನವರನ್ನು ಕರೆಸಿ ಜೋಡಣೆ ನೋಡಿಸಿದ ಮೇಲೆ ತಿಂಗಳ ಹಣ ಕೊಡಿ.

ಫೈಬರಿಗೆ ಒಂದು ದೊಡ್ಡ ಗುಣ ಇದೆ. ಸೇವೆ ಕೊಡುವವರ ಕಚೇರಿಯಿಂದ ನಿಮ್ಮ ಗೋಡೆಯವರೆಗೆ ಮಧ್ಯದಲ್ಲಿ ಎಲ್ಲೂ ಅದಕ್ಕೆ ಕರೆಂಟ್ ಬೇಡ, ಬೆಳಕನ್ನು ಹಂಚುವ ಪುಟ್ಟ ಡಬ್ಬಿಗೂ ಬೇಡ. ಹೀಗಾಗಿ ಊರೆಲ್ಲ ಕತ್ತಲಾದರೂ ಆ ಕಚೇರಿಯಲ್ಲಿ ಜನರೇಟರ್ ಓಡುತ್ತಿದ್ದು, ನಿಮ್ಮ ಪೆಟ್ಟಿಗೆಗೆ ವಿದ್ಯುತ್ ಇದ್ದರೆ ನೆಟ್ ಇರುತ್ತದೆ. ಮೊಬೈಲ್ ಟವರ್ ಹಾಗಲ್ಲ. ಅದರ ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ, ಡೀಸೆಲ್ ಮುಗಿದರೆ ಮುಗಿಯಿತು. ಕಂಬದ ಮೇಲಿನ ಸ್ವಿಚ್ ಪೆಟ್ಟಿಗೆಗಳಿಂದ ಹಂಚುವ ತಾಮ್ರದ ಕೇಬಲ್ ನೆಟ್ಟೂ ಊರಿನ ಕರೆಂಟಿನ ಜೊತೆಗೇ ಹೋಗುತ್ತದೆ. ಮಾಲೀಕರನ್ನು ಕೇಳಿ: ಕರೆಂಟ್ ಹೋದ ಮೇಲೆ ಎಷ್ಟು ಹೊತ್ತು ನೆಟ್ ಇರುತ್ತದೆ? ಇದಕ್ಕೆ ಅವರ ಹತ್ತಿರ ಸರಿಯಾದ ಉತ್ತರ ಇದ್ದೇ ಇರುತ್ತದೆ, ಅವರ ಮಕ್ಕಳು ಕ್ರಿಕೆಟ್ ನೋಡುತ್ತಾರಲ್ಲ.

ಮೊಬೈಲ್ ಸಿಗ್ನಲ್ ಮೇಲೆ ನಿಲ್ಲುವವರು ಫೋನಿನ ಕಡ್ಡಿಗಳನ್ನು ಎಣಿಸಬೇಡಿ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರದೊಳಗೆ ಸಿಮ್ ಸ್ಥಿತಿ ಅಂತ ಇರುತ್ತದೆ, ಅಲ್ಲಿ ಡಿಬಿಎಂ ಅಂಕಿ ಸಿಗುತ್ತದೆ. ಮೈನಸ್ 90ರ ಒಳಗಿದ್ದರೆ ಮೀಟಿಂಗ್ ನಡೆಯುತ್ತದೆ. ಮೈನಸ್ 110 ದಾಟಿದರೆ ಮೇಲ್ ಕಳಿಸಬಹುದು ಅಷ್ಟೇ. ಬೇಸಿಗೆಯಲ್ಲಿ ಅಳೆದ ಅಂಕಿ ಮಳೆಗಾಲಕ್ಕೆ ಇರುವುದಿಲ್ಲ, ಒದ್ದೆ ಎಲೆ ಸಿಗ್ನಲ್ ನುಂಗುತ್ತದೆ. ಹೊರಗಡೆ ಆಂಟೆನಾ ಹಾಕುವ 4ಜಿ ರೂಟರ್ ಒಳ್ಳೆಯದೇ, ಆದರೆ ಜನ ಒಂದು ತಪ್ಪು ಮಾಡುತ್ತಾರೆ: ಹಂಚಿನ ಮೇಲೆ ಆಂಟೆನಾ ಕಟ್ಟಿ, 15 ಮೀಟರ್ ತೆಳ್ಳನೆಯ ವೈರ್ ಎಳೆದು ಕೆಳಗೆ ರೂಟರ್ ಇಡುತ್ತಾರೆ. ಆಂಟೆನಾ ಗಳಿಸಿದ್ದನ್ನೆಲ್ಲ ಆ ವೈರೇ ತಿಂದುಬಿಡುತ್ತದೆ. ರೂಟರನ್ನೇ ಅಟ್ಟದಲ್ಲಿ, ಆಂಟೆನಾದ ಹತ್ತಿರ ಇಟ್ಟು, ಅಲ್ಲಿಂದ ಕೆಳಕ್ಕೆ ಲ್ಯಾನ್ ಕೇಬಲ್ ಇಳಿಸಿ. ಅದು 100 ಮೀಟರಿನವರೆಗೂ ನಡೆಯುತ್ತದೆ.

ಸಿಮ್ ಎರಡು ಇರಲಿ, ಒಂದು ಬಿಎಸ್ಸೆನ್ನೆಲ್. ಮಲೆನಾಡಿನ ಎಷ್ಟೋ ತೋಟಗಳಲ್ಲಿ ಅದೊಂದೇ ಸಿಗುವುದು. ಆದರೆ ನಿಮ್ಮ ಬ್ಯಾಂಕಿನ ಓಟಿಪಿ ಬರುವುದು ಇನ್ನೊಂದು ಸಿಮ್ಮಿಗೆ. ಹೊರಡುವ ಮೊದಲು ವೈಫೈ ಕಾಲಿಂಗ್ ಆನ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಮಾತ್ರ ಇಟ್ಟು ಒಂದು ಓಟಿಪಿ ತರಿಸಿ ನೋಡಿ. ಬಂದರೆ ಸರಿ. ಬಾರದಿದ್ದರೆ ಆಫೀಸಿನ ಲಾಗಿನ್‌ಗಳನ್ನಾದರೂ ಎಸ್ಸೆಮ್ಮೆಸ್ಸಿನಿಂದ, ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆಪ್‌ಗೆ ಬದಲಿಸಿಕೊಳ್ಳಿ.

ಕರೆಂಟಿನ ಲೆಕ್ಕಕ್ಕೆ ಬರೋಣ. ಹಾಸನ ಜಿಲ್ಲೆ ಸೆಸ್ಕ್ ಅನ್ನುವ ವಿದ್ಯುತ್ ಕಂಪನಿಗೆ, ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂಗೆ ಸೇರಿದ್ದು. ಸಕಲೇಶಪುರದಿಂದ ಮೂಡಿಗೆರೆಗೆ ಹೋದರೆ ಕಂಪನಿ ಬದಲಾಯಿತು. ದೂರಿನ ನಂಬರ್ ಎರಡಕ್ಕೂ 1912. ಅಲ್ಲಿ ಮೊದಲು ಕೇಳುವುದು ಆರ್‌ಆರ್ ನಂಬರ್, ಅಂದರೆ ಆ ಮನೆಯ ವಿದ್ಯುತ್ ಸಂಪರ್ಕದ ಸಂಖ್ಯೆ. ಅದು ಮನೆಯ ಬಿಲ್ಲಿನ ಮೇಲಿರುತ್ತದೆ, ಹೋದ ದಿನವೇ ಬಿಲ್ಲಿನ ಫೋಟೋ ತೆಗೆದುಕೊಳ್ಳಿ. ಲೈನ್‌ಮನ್ ನಂಬರ್ ಸಿಕ್ಕರೆ ಇನ್ನೂ ಒಳ್ಳೆಯದು.

"ಇನ್ವರ್ಟರ್ ಇದೆ" ಅನ್ನುವ ಮಾತನ್ನು ಬಿಡಿಸಿ ನೋಡಿ. 150 ಆಂಪಿಯರ್ ಅವರ್‌ನ 12 ವೋಲ್ಟ್ ಬ್ಯಾಟರಿ ಅಂದರೆ ಕಾಗದದ ಮೇಲೆ 1,800 ವ್ಯಾಟ್ ಅವರ್. ಬ್ಯಾಟರಿ ಕೆಡದಂತೆ ಬಳಸಿ, ಇನ್ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು ಸುಮಾರು ಸಾವಿರ. ಹತ್ತು ಎಲ್‌ಇಡಿ ಬಲ್ಬು 90 ವ್ಯಾಟ್, ನಾಲ್ಕು ಫ್ಯಾನು 280 ವ್ಯಾಟ್, ಒಟ್ಟು 370. ಮೂರು ಗಂಟೆಯೂ ಬರಲಿಲ್ಲ, ಇನ್ನೂ ನಿಮ್ಮ ಲ್ಯಾಪ್‌ಟಾಪ್ ಸೇರಿಸಿಲ್ಲ. ಅದಕ್ಕಿಂತ ಮುಖ್ಯ, ಬಹಳ ಮನೆಗಳಲ್ಲಿ ಇನ್ವರ್ಟರ್ ಲೈನ್ ಇರುವುದು ದೀಪ, ಫ್ಯಾನುಗಳಿಗೆ ಮಾತ್ರ, ಪ್ಲಗ್ಗಿಗಲ್ಲ. ಹೋದ ಕೂಡಲೇ ಮೇನ್ ಆಫ್ ಮಾಡಿಸಿ, ಯಾವ ಪ್ಲಗ್ಗಿನಲ್ಲಿ ಚಾರ್ಜರ್ ದೀಪ ಉರಿಯುತ್ತದೆ ನೋಡಿ. ಎರಡು ನಿಮಿಷದ ಕೆಲಸ.

ನಿಮ್ಮ ಚೀಲದಲ್ಲಿ ಇರಬೇಕಾದ್ದು ಎರಡು. ಒಂದು, 65 ವ್ಯಾಟ್ ಟೈಪ್ ಸಿ ಕೊಡುವ 20,000 ಎಂಎಎಚ್ ಪವರ್ ಬ್ಯಾಂಕ್. ಆ 20,000 ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 74 ವ್ಯಾಟ್ ಅವರ್. ನಷ್ಟ ಕಳೆದು 60. ಮೀಟಿಂಗಿನಲ್ಲಿರುವ ಲ್ಯಾಪ್‌ಟಾಪ್ 20 ವ್ಯಾಟ್ ಎಳೆದರೆ ಮೂರು ಗಂಟೆ ಹೆಚ್ಚುವರಿ ಸಿಕ್ಕಿತು. ಇನ್ನೊಂದು, ರೂಟರಿಗೆ ಮಿನಿ ಯುಪಿಎಸ್. ಕೊಳ್ಳುವಾಗ ವೋಲ್ಟೇಜು ನೋಡಿ: ಫೈಬರ್ ಪೆಟ್ಟಿಗೆ ಸಾಮಾನ್ಯವಾಗಿ 12 ವೋಲ್ಟು, ಕೆಲವು ಚಿಕ್ಕ ರೂಟರುಗಳು 9 ಅಥವಾ 5. ತಪ್ಪು ಪಿನ್ ಸಿಕ್ಕಿಸಿದರೆ ಮಾಲೀಕರ ರೂಟರ್ ಸುಟ್ಟುಕೊಡುತ್ತೀರಿ. 8,000 ಎಂಎಎಚ್ ಇರುವ ಯುಪಿಎಸ್, 8 ವ್ಯಾಟ್ ಎಳೆಯುವ ಪೆಟ್ಟಿಗೆಯನ್ನು ಸುಮಾರು ಮೂರು ಗಂಟೆ ಓಡಿಸುತ್ತದೆ. ಫೈಬರ್ ಮತ್ತು ವೈಫೈಗೆ ಬೇರೆ ಬೇರೆ ಪೆಟ್ಟಿಗೆ ಇದ್ದರೆ ಎರಡಕ್ಕೂ ಕೊಡಬೇಕು. ಒಂದಕ್ಕೆ ಮಾತ್ರ ಕೊಟ್ಟು, ವೈಫೈ ಇದೆ ನೆಟ್ ಇಲ್ಲ ಅಂತ ತಲೆ ಕೆರೆದುಕೊಳ್ಳುವುದು ಮಾಮೂಲಿ.

ಹಳೆಯ ಬಂಗಲೆಗಳಲ್ಲಿ ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ. ಅರ್ತ್ ಇಲ್ಲದ ಪ್ಲಗ್ಗಿನ ಗುರುತು ಅದು. ಅಡಾಪ್ಟರಿನೊಳಗಿನ ಕೆಪಾಸಿಟರಿನಿಂದ ಸೋರುವ ಅಲ್ಪ ವಿದ್ಯುತ್ತಿಗೆ ನೆಲಕ್ಕೆ ಹೋಗುವ ದಾರಿ ಇಲ್ಲದೆ ನಿಮ್ಮ ಕೈ ಹಿಡಿಯುತ್ತದೆ. ಅರ್ತ್ ಇಲ್ಲದ ಕಡೆ, ದಿಢೀರನೆ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಕೂಡ ಅಲಂಕಾರಕ್ಕೆ ಅಷ್ಟೇ. ಭರಣಿ, ಕೃತ್ತಿಕೆ ಮಳೆಯ ದಿನಗಳಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಮೇ ನಾಲ್ಕನೇ ವಾರದ ತನಕ, ಮಧ್ಯಾಹ್ನದ ಮೇಲೆ ಗುಡುಗು ಕೇಳಿಸಿತೆಂದರೆ ಪ್ಲಗ್ ಕಿತ್ತು ಬ್ಯಾಟರಿಯಲ್ಲಿ ಕೆಲಸ ಮಾಡಿ. ಫೈಬರಿನ ಗಾಜಿನಲ್ಲಿ ಸಿಡಿಲು ಬರುವುದಿಲ್ಲ, ಆದರೆ ಆ ಪೆಟ್ಟಿಗೆಯ ಅಡಾಪ್ಟರ್ ಗೋಡೆಗೆ ಸಿಕ್ಕಿರುತ್ತದೆ, ಅಲ್ಲಿಂದ ಬಂದು ಲ್ಯಾನ್ ಕೇಬಲ್ ಹಿಡಿದು ಲ್ಯಾಪ್‌ಟಾಪಿಗೆ ಹತ್ತುತ್ತದೆ. ಲ್ಯಾನ್ ಕೇಬಲನ್ನೂ ಕೀಳಬೇಕು.

ಅಡುಗೆಗೆ ಇಂಡಕ್ಷನ್ ಒಲೆ ಒಯ್ಯುವವರು 6 ಆಂಪಿಯರ್ ಪ್ಲಗ್ಗು 1,380 ವ್ಯಾಟ್ ಮಾತ್ರ ತಡೆಯುತ್ತದೆ ಅನ್ನುವುದನ್ನು ಮರೆಯಬೇಡಿ. 2,000ದ ಒಲೆಯನ್ನು 1,200ರಲ್ಲಿ ಇಟ್ಟು ನಿಧಾನಕ್ಕೆ ಬೇಯಿಸಿ, ಇಲ್ಲವೇ 16ರ ಪ್ಲಗ್ಗು ಕೇಳಿ.

ಈಗ ಯಾವಾಗ ಎಲ್ಲಿರಬೇಕು ಅನ್ನುವುದು. ನಮ್ಮ ಎರಡು ಜಿಲ್ಲೆಗಳ ಭಾಗ್ಯ ಏನೆಂದರೆ ಋತು ಬದಲಿಸಲು ರಾಜ್ಯ ಬದಲಿಸಬೇಕಾಗಿಲ್ಲ. ಪಡುವಣಕ್ಕೆ ಸಕಲೇಶಪುರ, ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಮಲೆನಾಡು. ಮೂಡಣಕ್ಕೆ ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು, ಬೀರೂರು ಬಯಲುಸೀಮೆ. ನಡುವೆ ಹಾಸನ, ಬೇಲೂರು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಕಡೂರಿಗೂ ಅಷ್ಟೇ. ಆರಿದ್ರಾ ಮಳೆ ಹುಟ್ಟಿದಲ್ಲಿಂದ ಆಶ್ಲೇಷ ಮುಗಿಯುವ ತನಕ, ಜೂನ್ ಮೂರನೇ ವಾರದಿಂದ ಆಗಸ್ಟ್ ಮಧ್ಯದವರೆಗೆ, ಪೇಟೆಯಲ್ಲಿರಿ. ಕೆಲಸ ಇರುವವರು ಮಳೆ ನೋಡಲು ತೋಟಕ್ಕೆ ಹೋಗಬಾರದು, ರಜೆ ಇರುವವರು ಹೋಗಲಿ. ಮರ ಬಿದ್ದು ಲೈನ್ ಹರಿದರೆ ತೋಟದ ಮನೆಗೆ ಕರೆಂಟ್ ಬರಲು ಎರಡು ಮೂರು ದಿನ ಹಿಡಿಯುವುದುಂಟು. ಘಟ್ಟದ ದಾರಿ, ಹಳಿ ಎರಡೂ ನಂಬಿಕೆಯವಲ್ಲ. 2024ರ ಜುಲೈನಲ್ಲಿ ಸಕಲೇಶಪುರದ ಘಟ್ಟದಲ್ಲಿರುವ ಯಡಕುಮರಿ ನಿಲ್ದಾಣದ ಹತ್ತಿರ ಗುಡ್ಡ ಕುಸಿದು ರೈಲು ನಿಂತದ್ದು ನೆನಪಿರಬಹುದು. ಸೆಪ್ಟೆಂಬರ್ ಕೊನೆಗೆ ಮೇಲಕ್ಕೆ ಹತ್ತಿ, ಏಪ್ರಿಲ್‌ವರೆಗೆ ತೋಟದಲ್ಲಿರಿ.

ಪೇಟೆಯಲ್ಲಿದ್ದರೂ ಮಳೆಗಾಲದ ತೇವ ಬಿಡುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಹಾಕಿ, ಕ್ಯಾಮೆರಾ, ಹಾರ್ಡ್ ಡಿಸ್ಕ್, ಪಾಸ್‌ಪೋರ್ಟ್ ಅದರೊಳಗಿರಲಿ. ಹರಳು ಬಣ್ಣ ಬದಲಿಸಿದರೆ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮತ್ತೆ ಹಳೆಯ ಬಣ್ಣ ಬರುವ ತನಕ ಕಾಯಿಸಿ. ಲ್ಯಾಪ್‌ಟಾಪನ್ನು ಚೀಲದಲ್ಲಿ ವಾರಗಟ್ಟಲೆ ಮುಚ್ಚಿಡಬೇಡಿ, ದಿನಾ ಓಡುತ್ತಿದ್ದರೆ ಅದರ ಬಿಸಿಯೇ ಅದನ್ನು ಕಾಯುತ್ತದೆ. ಜೀನ್ಸ್ ಪ್ಯಾಂಟು ನಾಲ್ಕು ದಿನಕ್ಕೂ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿರುವ ಮನೆ ಸಿಕ್ಕರೆ ಪುಣ್ಯ, ಬಟ್ಟೆ ಹೊಗೆ ವಾಸನೆ ಬಂದರೂ ಒಣಗಿರುತ್ತದೆ.

ಅಮೆರಿಕದ ಜೊತೆ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ನಿಮ್ಮ ಮೀಟಿಂಗ್ ಶುರುವಾಗುವುದು ಮುಸ್ಸಂಜೆಗೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಕಾಡಿನಿಂದ ತೋಟಕ್ಕೆ ಇಳಿಯುವ ಹೊತ್ತೂ ಅದೇ. ಮನೆಯೊಳಗೆ ಸಿಗ್ನಲ್ ಇಲ್ಲ, ಗೇಟಿನ ಹತ್ತಿರದ ದಿಣ್ಣೆಯ ಮೇಲೆ ಸಿಗುತ್ತದೆ ಅನ್ನುವ ಮನೆ ನಿಮಗೆ ಬೇಡವೇ ಬೇಡ. ಊರಿನವರ ವಾಟ್ಸ್ಆಪ್ ಗುಂಪಿನಲ್ಲಿ ಆನೆ ಎಲ್ಲಿದೆ ಅನ್ನುವ ಸುದ್ದಿ ಬರುತ್ತಿರುತ್ತದೆ, ಆ ಗುಂಪಿಗೆ ಸೇರಿಸಲು ಕೇಳಿಕೊಳ್ಳಿ. ಹಾಗೆಯೇ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ಜನವರಿಯಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಸಂಜೆ ನಡಿಗೆಗೆ ಕಾಡಿನ ಅಂಚಿಗೆ ಹೋದರೆ ಆ ಕಾಯಿಲೆ ಹರಡುವ ಉಣ್ಣೆ ಹುಳ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ 'ಡೇಪಾ' (DEPA) ಎಣ್ಣೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆ ಬದಲಿಸಿ.

ಹಣದ ಬಗ್ಗೆ. ಹೋಂಸ್ಟೇ ದರ ತಲೆಗಿಷ್ಟು, ಊಟ ಸೇರಿ ಅಂತ ಇರುತ್ತದೆ. ಅದನ್ನು 30ರಿಂದ ಗುಣಿಸಿ ಗಾಬರಿಯಾಗಬೇಡಿ. ತಿಂಗಳಿಗೆ, ಊಟ ಬಿಟ್ಟು, ಕೋಣೆಗೆ ಎಷ್ಟು ಅಂತ ಬೇರೆಯಾಗಿ ಕೇಳಿ. ವಾರದ ದಿನ ಖಾಲಿ ಇರುವ ಕೋಣೆಯಿಂದ ಅವರಿಗೂ ಲಾಭವಿಲ್ಲ. ಶನಿವಾರ, ಭಾನುವಾರ ಕೋಣೆ ಬಿಟ್ಟುಕೊಡುತ್ತೇನೆ ಅಂದರೆ ದರ ಇನ್ನೂ ಇಳಿಯುತ್ತದೆ. ಆದರೆ ವಾರಕ್ಕೊಮ್ಮೆ ಗಂಟು ಕಟ್ಟುವ ಬದುಕು ಎರಡನೇ ತಿಂಗಳಿಗೆ ಸಾಕಾಗುತ್ತದೆ. ಲಾಡ್ಜಿನಲ್ಲಿ ದಿನಕ್ಕೆ 7,500 ರೂಪಾಯಿಯೊಳಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 12ರ ಬದಲು ಶೇ. 5. ಹಳೆಯ ದರ ಹಾಕಿದರೆ ಕೇಳಿ. ಬಜೆಟ್ ಹಾಕುವಾಗ ತಿಂಗಳಿಗೆ 30 ದಿನದ ಲೆಕ್ಕ ಹಾಕಬೇಡಿ, 26 ದಿನ ಮಾತಾಡಿದ ದರ, 4 ದಿನ ಅದರ ಎರಡರಷ್ಟು ಅಂತ ಹಾಕಿ. ಒಂದು ಮನೆ ಮುಗಿದು ಇನ್ನೊಂದು ಸಿಗುವ ನಡುವೆ, ನೆಟ್ ಕೈಕೊಟ್ಟು ರಾತ್ರೋರಾತ್ರಿ ಹಾಸನದ ಲಾಡ್ಜಿಗೆ ಓಡುವ ದಿನಗಳು ಬಂದೇ ಬರುತ್ತವೆ.

ಪ್ರಶ್ನೆಗಳು ಕೆಲವು ಬಂದಿವೆ.

ಶಾಲೆಗೆ ಹೋಗುವ ಮಕ್ಕಳಿದ್ದರೆ? ವರ್ಷದ ಮಧ್ಯೆ ಟಿಸಿ ತೆಗೆಯಬೇಡಿ. ಒಂದು ಶೈಕ್ಷಣಿಕ ವರ್ಷಕ್ಕೆ ಒಂದು ಊರು, ಹಾಸನವೋ ಚಿಕ್ಕಮಗಳೂರೋ, ಬಾಡಿಗೆ ಮನೆ. ಸುತ್ತಾಟ ದಸರಾ ಮತ್ತು ಬೇಸಿಗೆ ರಜೆಗೆ. ಅದನ್ನು ಮನೆ ಬಿಡುವುದು ಅನ್ನುವುದಕ್ಕಿಂತ ಊರು ಬದಲಿಸುವುದು ಅನ್ನಬಹುದು.

ಕಂಪನಿಗೆ ಹೇಳಬೇಕಾ? ಹೇಳಬೇಕು. ಎಷ್ಟೋ ಕಂಪನಿಗಳ ಒಪ್ಪಂದದಲ್ಲಿ ಕೆಲಸದ ಊರು ಬರೆದಿರುತ್ತದೆ, ಲ್ಯಾಪ್‌ಟಾಪ್ ಕಳೆದರೆ ಮೊದಲು ಕೇಳುವುದೇ ನೀವು ಎಲ್ಲಿದ್ದಿರಿ ಅಂತ. ಹೊರದೇಶಕ್ಕೆ ಹೋಗಿ ಅಲ್ಲಿಂದ ಕೆಲಸ ಮಾಡುವುದು ಬೇರೆಯೇ ಕತೆ, ತೆರಿಗೆ, ವೀಸಾ ಎರಡೂ ಎದ್ದು ನಿಲ್ಲುತ್ತವೆ. ಅದನ್ನು ಲಿಖಿತ ಅನುಮತಿ ಇಲ್ಲದೆ ಮಾಡಬೇಡಿ.

ಬೆಂಗಳೂರಿನ ಮನೆ ಬಿಡದೆ ಒಂದು ತಿಂಗಳು ಪರೀಕ್ಷೆ ಮಾಡಿ ನೋಡಬಹುದಾ ಅಂತ ಕೊನೆಯ ಸಾಲಿನಿಂದ ಅಮ್ಮನವರೊಬ್ಬರು ಕೇಳಿದ್ದಾರೆ. ಮಾಡಲೇಬೇಕು, ಆದರೆ ಜನವರಿಯಲ್ಲಿ ಬೇಡ. ಜನವರಿಯಲ್ಲಿ ಎಲ್ಲ ಮನೆಯಲ್ಲೂ ನೆಟ್ ಇರುತ್ತದೆ, ಎಲ್ಲ ಬಟ್ಟೆಯೂ ಒಣಗುತ್ತದೆ. ಜುಲೈನಲ್ಲಿ ಬನ್ನಿ. ಮೊದಲ ಎರಡು ರಾತ್ರಿ ಶನಿವಾರ ಮತ್ತು ಭಾನುವಾರ ಆಗಿರಲಿ. ಟೂರಿಗೆ ಬಂದ ತಂಡ ವೈಫೈ ಹಂಚಿಕೊಂಡಾಗ ನಿಮಗೆ ಎಷ್ಟು ಉಳಿಯುತ್ತದೆ, ಹಾಡಿನ ಸದ್ದು ಎಷ್ಟು ಅಂತ ಗೊತ್ತಾಗುತ್ತದೆ. ಒಂದು ನೋಟ್‌ಬುಕ್ ಇಟ್ಟು ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ನೆಟ್ ಹೋದ ಹೊತ್ತು, ಬಂದ ಹೊತ್ತು, ಅದರಿಂದ ತಪ್ಪಿದ ಮೀಟಿಂಗ್ ಎಷ್ಟು, ಇಷ್ಟನ್ನು ಬರೆಯುತ್ತ ಹೋಗಿ. ತಿಂಗಳ ಕೊನೆಗೆ ಆ ಪುಟಗಳನ್ನು ಬೆಂಗಳೂರಿಗೆ ಒಯ್ದು ಆಫೀಸಿನಲ್ಲಿ ನಿಮ್ಮ ಮೇಲಿನವರ ಮುಂದೆ ಇಡಿ. ಅವರು ನೋಡಿ ಆಗಲಿ ಅಂದ ಮೇಲೆ ಮಾಲೀಕರಿಗೆ ನೋಟಿಸ್ ಕೊಡಿ.